ಓದುಗರ ಪ್ರಶ್ನೆ: ಅಲ್-ವರ್ದಿಯ ಸಿದ್ಧಾಂತ, ಹುಬ್ಬಳ್ಳಿಯ ಯಾದಿ

ಪ್ರಶ್ನೆ: ಸಮಾಜಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಇರಾಕಿನ ಸಮಾಜಶಾಸ್ತ್ರಜ್ಞ ಅಲಿ ಅಲ್-ವರ್ದಿ ಹೇಳಿದ ‘ಇಬ್ಬಗೆ ವ್ಯಕ್ತಿತ್ವ’ (ಒಬ್ಬನಲ್ಲೇ ಮಾತು ಒಂದು, ಕೃತಿ ಇನ್ನೊಂದು) ಇಟ್ಟುಕೊಂಡು, ಹಳ್ಳಿಯಿಂದ ಹುಬ್ಬಳ್ಳಿಗೆ ಬಂದ ಮನೆತನಗಳ ವರದಕ್ಷಿಣೆ ಬಗ್ಗೆ ಕಿರುಪ್ರಬಂಧ ಬರೆಯಬೇಕು. ಹಳ್ಳಿಯವರನ್ನು ಅವರ ಬೆದೂಯಿನ್ ಜಾಗದಲ್ಲಿಟ್ಟರೆ ನಡೆದೀತೇ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಡೆಯದು. ಅಲ್-ವರ್ದಿಯವರ ಬೆದೂಯಿನ್ ಎಂದರೆ ಮರುಭೂಮಿಯ ಅಲೆಮಾರಿ ಬುಡಕಟ್ಟಿನವನು. ಕುಲದ ಒಗ್ಗಟ್ಟು, ದಾಳಿ, ಔದಾರ್ಯ ಈ ಮೂರೂ ಅವನಲ್ಲಿ ಮೇಲುಗೈಯ ಹಂಬಲದಿಂದಲೇ ಹುಟ್ಟುತ್ತವೆ ಎಂಬುದು ಅವರ ವಾದ. ಕುಲದ ಒಗ್ಗಟ್ಟಿನ ವಿಚಾರ 14ನೇ ಶತಮಾನದ ಅರಬ್ ಇತಿಹಾಸಕಾರ ಇಬ್ನ್ ಖಲ್ದೂನನದು. 1950ರಲ್ಲಿ ಟೆಕ್ಸಾಸ್‌ನಲ್ಲಿ ಅಲ್-ವರ್ದಿ ಪಡೆದ ಪಿಎಚ್.ಡಿ.ಯೂ ಅವನ ಕುರಿತೇ. ಸರ್ಕಾರದ ಹಿಡಿತ ಸಡಿಲಾದಾಗಲೆಲ್ಲ ಬುಡಕಟ್ಟಿನ ರೀತಿ ಊರೊಳಗೆ ಬರುತ್ತದೆ ಎನ್ನುತ್ತಾರೆ. 1831ರಲ್ಲಿ ಪ್ಲೇಗು, ನೆರೆ ಎರಡೂ ಒಮ್ಮೆಗೇ ಬಂದು ಬಾಗ್ದಾದ್ ಬರಿದಾದ ಕಾಲ ಅಂಥದ್ದು. ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಚೀಲ ತರುವ ರೈತನಿಗೆ ಈ ಅಂಗಿ ಹೊಂದುವುದಿಲ್ಲ.

‘ಇಬ್ಬಗೆ ವ್ಯಕ್ತಿತ್ವ’ವನ್ನು ಮಾತ್ರ ಬಳಸಬಹುದು. 1951ರ ಉಪನ್ಯಾಸದಲ್ಲಿ ಅವರು ಇದನ್ನು ಮುಂದಿಟ್ಟರು. ಇದು ಮನೋರೋಗವಲ್ಲ, ಡೋಂಗಿತನವೂ ಅಲ್ಲ. ಡೋಂಗಿಗೆ ತಾನು ಸುಳ್ಳಾಡುತ್ತಿದ್ದೇನೆಂದು ಗೊತ್ತಿರುತ್ತದೆ. ಇಬ್ಬಗೆಯವನಿಗೆ ಗೊತ್ತಿರುವುದಿಲ್ಲ, ಆಡುವಾಗಲೂ ಪ್ರಾಮಾಣಿಕ, ಮಾಡುವಾಗಲೂ ಪ್ರಾಮಾಣಿಕ. ಹೆಚ್ಚಿನ ಪ್ರಬಂಧಗಳು ಕೆಡುವುದು ಇಲ್ಲೇ: ಸಿದ್ಧಾಂತ ಬಿಟ್ಟು ಮಂದಿಯನ್ನು ಬೈಯಲು ಶುರುಮಾಡುತ್ತವೆ.

ಎಂಟು-ಹತ್ತು ಮನೆ ಸಾಕು, ಆದರೆ ಪ್ರತಿ ಮನೆಗೂ ಎರಡು ಸಲ ಹೋಗಬೇಕು. ಮೊದಲ ಸಲ ವರದಕ್ಷಿಣೆ ಬಗ್ಗೆ ಅಭಿಪ್ರಾಯ ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ. ಹದಿನೈದು ದಿನ ಬಿಟ್ಟು ಹೋದಾಗ ಅಭಿಪ್ರಾಯದ ಸುದ್ದಿಯೇ ಬೇಡ. ಮನೆಯ ಕೊನೆಯ ಮದುವೆಯ ಯಾದಿ ಕೇಳಿ. ಬಂಗಾರ ಎಷ್ಟು ತೊಲೆ, ಬಾಂಡೆ ಸಾಮಾನು ಯಾರದು, ಊಟದ ಖರ್ಚು ಯಾರ ಮೇಲೆ ಎಂಬುದೆಲ್ಲ ಅದರಲ್ಲಿರುತ್ತದೆ. ಎರಡನ್ನೂ ಒಂದೇ ದಿನ ಕೇಳಿದರೆ ಮನೆಯವರು ಹುಷಾರಾಗಿ, ಯಾದಿಯಲ್ಲಿದ್ದ ಐದು ತೊಲೆ ‘ಪ್ರೀತಿಗೆ ಕೊಟ್ಟದ್ದು’ ಆಗಿಬಿಡುತ್ತದೆ. ಹೆಂಗಸರನ್ನು ಬೇರೆಯಾಗಿ ಮಾತಾಡಿಸಿ. ಗಂಡಸರು ಮರೆತ ಬಾಬತ್ತು ಅವರಿಗೆ ನೆನಪಿರುತ್ತದೆ. ವ್ಯತ್ಯಾಸ ಕಂಡರೂ ಅವರೆದುರು ಎತ್ತಿ ತೋರಿಸಬೇಡಿ.

ಇನ್ನೊಂದು: ಅವರ ‘ಸಾಮಾಜಿಕ ಅಸಾಂಗತ್ಯ’ವನ್ನು ಇದರ ಜೊತೆ ಕಲಸಬೇಡಿ. ಸಂಸ್ಕೃತಿಯ ಒಂದು ಭಾಗ ಬೇಗ, ಇನ್ನೊಂದು ನಿಧಾನ ಬದಲಾದಾಗ ಅವುಗಳ ನಡುವೆ ಹುಟ್ಟುವ ತಿಕ್ಕಾಟ ಅದು. ಮಗಳಿಗೆ ಇಂಜಿನಿಯರಿಂಗ್ ಓದಿಸಿ, ಓದಿದವಳಿಗೆ ಓದಿದ ವರನೇ ಬೇಕೆಂದು ಯಾದಿ ಉದ್ದವಾಗುವುದು ಇದಕ್ಕೆ ಉದಾಹರಣೆ. ಒಬ್ಬನೇ ಮನುಷ್ಯನ ಮಾತು-ಕೃತಿಯ ಬಿರುಕು ಮೊದಲನೆಯದು.

ಮಿತಿಯನ್ನೂ ಬರೆಯಿರಿ. ಅಲ್-ವರ್ದಿಯವರ ಬಲವಿದ್ದದ್ದು ಇತಿಹಾಸ, ಗಾದೆ, ಬೀದಿಯ ಮಾತುಗಳಲ್ಲಿ, ಅಂಕಿಅಂಶದಲ್ಲಲ್ಲ. ಬಗೆಬಗೆಯ ಜನರನ್ನು ‘ಇರಾಕಿ ವ್ಯಕ್ತಿ’ ಎಂಬ ಒಂದೇ ಪದದಡಿ ತಂದದ್ದು ನನಗೆ ಅತಿಯೆನಿಸುತ್ತದೆ. ನೀವೂ ಹತ್ತು ಮನೆ ನೋಡಿ ‘ಉತ್ತರ ಕರ್ನಾಟಕದ ಜನ’ ಎನ್ನಬೇಡಿ.

ಪ್ರಶ್ನೆ: ‘ವರ್ದಿ’ ಎಂದರೆ ಸುದ್ದಿಯ ವರದಿಯೋ, ಪೊಲೀಸರ ಡ್ರೆಸ್ಸೋ? ಪತ್ರಿಕೆಯಲ್ಲಿ ‘ಅಲಿ ವರದಿ’ ಎಂದು ಓದಿದೆ.
— ಓದುಗರು, ಗದಗ

ಉತ್ತರ: ಎರಡೂ ಅಲ್ಲ. ಅರಬ್ಬಿಯಲ್ಲಿ ‘ವರ್ದ್’ ಎಂದರೆ ಗುಲಾಬಿ. ಅವರ ಹಿರಿಯರು ಪನ್ನೀರು ಭಟ್ಟಿ ಇಳಿಸುತ್ತಿದ್ದರು, ಹೆಸರು ಅದರಿಂದ ಬಂತು. 1913ರಲ್ಲಿ ಬಾಗ್ದಾದಿನ ಕಾಜಿಮಿಯಾದಲ್ಲಿ ಹುಟ್ಟಿದ ಅಲ್-ವರ್ದಿ ಹುಡುಗನಾಗಿದ್ದಾಗ ಅತ್ತರ-ಮಸಾಲೆ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಗಿರಾಕಿ ಬಿಟ್ಟು ಪುಸ್ತಕ ಓದುತ್ತಾನೆಂದು ಮಾಲೀಕ ಮನೆಗೆ ಕಳಿಸಿಬಿಟ್ಟ.