ಭದ್ರಾ ಸಫಾರೀಲಿ ಆಮೆ ಕಾಣುತ್ತಾ? ಫೋಟೋ ಹೆಂಗೆ ತೆಗೆಯೋದು?

ಹುಲಿ ಬಿಟ್ಟು ಆಮೆ ಕೇಳಿದ್ದೀರಲ್ಲ, ಅದಕ್ಕೇ ಉತ್ತರ ಬರೀತಿದೀನಿ. ನಾನು ತರೀಕೆರೆ ಕಡೆಯವನು, ಭದ್ರಾ ಹುಲಿ ಕಾಡಿನ ಬೋಟ್ ಸಫಾರಿ ಇರೋ ಲಕ್ಕವಳ್ಳಿಗೆ ಸುಮಾರು ಸಲ ಹೋಗಿದೀನಿ.

ಮೊದಲು ಒಂದು ವಿಷ್ಯ, ಜೀಪ್ ನಂಬ್ಕೋಬೇಡಿ. ಅದೇ ಕಾಡಿನ ಇನ್ನೊಂದು ಸಫಾರಿ ಜಾಗ ಮುತ್ತೋಡಿ ಕಡೆ ಮಳೆ ಶುರುವಾದಾಗ ಒಂದೊಂದು ಸಲ ರಸ್ತೆ ದಾಟೋದು ಸಿಗುತ್ತೆ, ಆದ್ರೆ ಜೀಪಿಂದ ಇಳಿಯೋ ಹಂಗಿಲ್ಲ, ಮೇಲಿಂದ ತೆಗೆದ್ರೆ ಆಮೆ ಮಗುಚಿಟ್ಟ ಬಾಣಲೆ ಥರ ಬರುತ್ತೆ ಅಷ್ಟೆ. ಬೋಟ್ ಸಫಾರಿ ತಗೊಳ್ಳಿ, ಬೆಳಗಿನದ್ದೇ. ಬೇಸಿಗೇಲಿ ಭದ್ರಾ ಹಿನ್ನೀರು ಇಳಿದಾಗ ಮುಳುಗಿದ್ದ ಮರದ ಬೊಡ್ಡೆಗಳೆಲ್ಲ ಮೇಲೆ ಬರ್ತಾವೆ, ಬಿಸಿಲೇರ್ತಿದ್ದಂಗೆ ಆಮೆಗಳು ಅದರ ಮೇಲೆ ಹತ್ತಿ ಕತ್ತು, ಹಿಂಗಾಲು ಎಲ್ಲ ಚಾಚ್ಕೊಂಡು ಮೈ ಕಾಯಿಸ್ತಾ ಕೂರ್ತಾವೆ, ಅದರ ಮೈಗೆ ಬಿಸಿ ಹೊರಗಿಂದಾನೇ ಬರಬೇಕಲ್ಲ. ಅದೇ ಟೈಮಲ್ಲಿ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆ ಇಟ್ಟಿರ್ತಾವೆ, ಬೋಟಲ್ಲಿ ಎಲ್ಲಾರೂ ಆ ಕಡೆ ನೋಡ್ತಿದ್ರೆ ನೀವು ಬೊಡ್ಡೆ ನೋಡಿ.

ನಾನು ಮೊದಲನೇ ಸಲ ಆಮೆ ಕಂಡ ಖುಷಿಗೆ ಬೋಟಲ್ಲಿ ಎದ್ದು ನಿಂತೆ. ಒಂದು ಪ್ಲಕ್ ಅಂತು, ಹಿಂದೇನೇ ಉಳಿದ ನಾಲ್ಕೂ ನೀರಿಗೆ. ನನ್ನ ಹತ್ರ ಖಾಲಿ ಬೊಡ್ಡೆ ಫೋಟೋ ಆರಿದೆ. ಅದಕ್ಕೇ ದೂರದಲ್ಲೇ ಎಂಜಿನ್ ಆಫ್ ಮಾಡೋಕೆ ಹೇಳಿ, ನೇರ ಅದರ ಕಡೆ ಬೇಡ, ಓರೆಯಾಗಿ ತೇಲ್ಕೊಂಡು ಹೋಗ್ಲಿ, ನೀವು ಕೂತೇ ಇರಿ. ಲೆನ್ಸ್ 400 ಎಂಎಂ ಇದ್ರೆ ನೆಮ್ಮದಿ, ಬೋಟ್ ಅಲ್ಲಾಡುತ್ತೆ ಅಂತ ಶಟರ್ 1/1000 ಇಟ್ಕೊಳ್ಳಿ. ಹಿಂದೆ ನೀರು ಫಳಫಳ ಅಂತಿದ್ರೆ ಕ್ಯಾಮೆರಾ ಮೋಸ ಹೋಗಿ ಆಮೆನ ಇದ್ದಿಲು ಮಾಡುತ್ತೆ, ಸ್ಪಾಟ್ ಮೀಟರಿಂಗ್ (ಒಂದೇ ಜಾಗದ ಬೆಳಕು ಅಳೆಯೋ ಸೆಟ್ಟಿಂಗ್) ಚಿಪ್ಪಿನ ಮೇಲೆ, ಫೋಕಸ್ ಕಣ್ಣಿಗೆ.

ಬೆನ್ನ ಮೇಲೆ ಉದ್ದಕ್ಕೆ ಮೂರು ಏಣು ಇದ್ರೆ ಕರಿ ಆಮೆ, ಚಿಪ್ಪು ನುಣ್ಣಗಿದ್ದು ಮೂಗು ಕೊಳವೆ ಥರ ಇದ್ರೆ ಫ್ಲಾಪ್‌ಶೆಲ್ ಅನ್ನೋ ಮೆತ್ತನೆ ಚಿಪ್ಪಿನ ಆಮೆ. ನಕ್ಷತ್ರ ಆಮೆ ಇಲ್ಲಿ ಹುಡುಕ್ಬೇಡಿ, ಅದು ಒಣ ಕುರುಚಲು ಕಾಡಿನದ್ದು.

ಎಲ್ಲಾದ್ರೂ ನೆಲದ ಮೇಲೆ ಆಮೆ ಸಿಕ್ಕಿದ್ರೆ ಫೋಟೋಗೆ ಅಂತ ಎತ್ತೋಕೆ ಹೋಗ್ಬೇಡಿ, ಹೆದರಿ ಉಚ್ಚೆ ಹೊಯ್ದುಬಿಡುತ್ತೆ, ಬೇಸಿಗೇಲಿ ಅದು ಒಳಗೆ ಕೂಡಿಟ್ಕೊಂಡ ನೀರೇ ಅದು. ಫೋಟೋ ಹಾಕುವಾಗ ಲೊಕೇಶನ್ ತೆಗೆದುಬಿಡಿ. ಇಪ್ಪತ್ತು ಉಗುರಿನ ಆಮೆ ಇದ್ರೆ ದುಡ್ಡು ಬರುತ್ತೆ ಅಂತ ಹುಡ್ಕೋ ಜನ ಇನ್ನೂ ಇದಾರೆ ಮಾರಾಯ್ರೆ (ನಕ್ಷತ್ರ ಆಮೆಗೆ ಇರೋದೇ ಹದಿನೆಂಟು, ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ನಾಲ್ಕು). 2022ರ ತಿದ್ದುಪಡಿ ಆದ್ಮೇಲೆ ನಕ್ಷತ್ರ ಆಮೆ ವನ್ಯಜೀವಿ ಕಾಯ್ದೆ ಶೆಡ್ಯೂಲ್ 1ರಲ್ಲಿದೆ, ಅಂದ್ರೆ ಅತಿ ಹೆಚ್ಚು ರಕ್ಷಣೆ ಇರೋ ಪಟ್ಟೀಲಿ, ಸಾಕ್ತೀನಿ ಅಂತ ಮನೇಲಿಟ್ಕೊಂಡ್ರೂ ಕೇಸೇ.

ಹೋಗ್ಬಂದ್ಮೇಲೆ ಫೋಟೋ ಇಲ್ಲೇ ಹಾಕಿ, ಬೆನ್ನಿನ ಏಣು ಕಾಣೋ ಹಂಗಿದ್ರೆ ಯಾವ ಆಮೆ ಅಂತ ಹೇಳ್ತೀನಿ.