ಎಸ್‌ಸಿಎನ್1ಎ ಇಂಟ್ರಾನ್ +5 ವಿಯುಎಸ್, ಮುಂದೇನು?

ಜ್ವರ ಬಂದಾಗೆಲ್ಲ ಮಗುಗೆ ಫಿಟ್ಸ್, ಜೆನೆಟಿಕ್ ರಿಪೋರ್ಟಲ್ಲಿ ಎಸ್‌ಸಿಎನ್1ಎ ಅನ್ನೋ ಜೀನ್‌ನ ಇಂಟ್ರಾನಲ್ಲಿ (ಆರ್‌ಎನ್‌ಎ ಜೋಡಿಸುವಾಗ ಕತ್ತರಿಸಿ ತೆಗೆಯೋ ಭಾಗ) +5, ಅಂದ್ರೆ ಐದನೇ ಅಕ್ಷರದ ಬದಲಾವಣೆ ವಿಯುಎಸ್ ಅಂತಿದೆ ಅಂದ್ರಲ್ಲ, ಬಹುಶಃ ಸ್ಪ್ಲೈಸಿಂಗ್ ಕೆಟ್ಟಿದೆ, ಅಂದ್ರೆ ಆರ್‌ಎನ್‌ಎ ಜೋಡಿಸುವಾಗ ಒಂದು ಎಕ್ಸಾನ್ (ಉಳಿಯಬೇಕಾದ ತುಂಡು) ಬಿಟ್ಟುಹೋಗಿ ಮೆದುಳಿಗೆ ಬೇಕಾದ ಸೋಡಿಯಂ ಚಾನೆಲ್ ಪ್ರೋಟೀನ್ ಕಮ್ಮಿ ಆಗ್ತಿರಬಹುದು. ವಿಯುಎಸ್ ಅಂದ್ರೆ ಇನ್ನೂ ಖಚಿತ ಇಲ್ಲ ಅಂತ, ನಾರ್ಮಲ್ ಅಂತಲ್ಲ.

ಎಲ್ಲಕ್ಕಿಂತ ಅರ್ಜೆಂಟು, ಕಾರ್ಬಮಜೆಪಿನ್ ಅಥವಾ ಫೆನಿಟಾಯಿನ್ ಅನ್ನೋ ಫಿಟ್ಸ್ ಔಷಧಿ ಕೊಡ್ತಿದ್ರೆ ತಕ್ಷಣ ನ್ಯೂರಾಲಜಿಸ್ಟ್‌ಗೆ ರಿಪೋರ್ಟ್ ತೋರ್ಸಿ, ಡ್ರಾವೆಟ್ (ಹೆಚ್ಚಾಗಿ ಈ ಜೀನ್ ಕೆಟ್ಟು ಮಕ್ಕಳಿಗೆ ಬರೋ ತೀವ್ರ ಫಿಟ್ಸ್ ಕಾಯಿಲೆ) ಆಗಿದ್ರೆ ಅವು ಫಿಟ್ಸ್ ಜಾಸ್ತಿ ಮಾಡಬಹುದು, ನೀವಾಗೇ ಮಾತ್ರ ದಯವಿಟ್ಟು ನಿಲ್ಲಿಸ್ಬೇಡಿ. ಆಮೇಲೆ ಅಪ್ಪ ಅಮ್ಮ ಇಬ್ರಿಗೂ ಅದೇ ಜಾಗದ ಸ್ಯಾಂಗರ್ ಟೆಸ್ಟ್ (ಜೀನ್‌ನ ಆ ಜಾಗ ಮಾತ್ರ ಓದೋ ಡಿಎನ್‌ಎ ಟೆಸ್ಟ್) ಮಾಡ್ಸಿ, ಇಬ್ರಲ್ಲೂ ಆ ಬದಲಾವಣೆ ಇಲ್ದಿದ್ರೆ ಫಿಟ್ಸ್‌ಗೆ ಅದೇ ಕಾರಣ ಅನ್ನೋ ಅನುಮಾನ ಗಟ್ಟಿ. ಲ್ಯಾಬಿಗೆ ಸ್ಪ್ಲೈಸ್‌ಎಐ ಸ್ಕೋರ್ ಕೇಳಿ, ಅದು ಸ್ಪ್ಲೈಸಿಂಗ್ ಕೆಡುತ್ತಾ ಅನ್ನೋ ಕಂಪ್ಯೂಟರ್ ಅಂದಾಜು ಅಷ್ಟೇ. ಈ ಜೀನ್ ರಕ್ತದಲ್ಲಿ ಹೆಚ್ಚುಕಮ್ಮಿ ಕೆಲಸ ಮಾಡಲ್ಲ, ಹಾಗಾಗಿ ರಕ್ತದ ಆರ್‌ಎನ್‌ಎ ಟೆಸ್ಟಿಗೆ ದುಡ್ಡು ಹಾಕೋ ಮುಂಚೆ ಮಿನಿಜೀನ್ ಟೆಸ್ಟ್ (ಆ ಜೀನ್ ತುಂಡನ್ನ ಲ್ಯಾಬಿನ ಜೀವಕೋಶಕ್ಕೆ ಹಾಕಿ ಸ್ಪ್ಲೈಸಿಂಗ್ ನೋಡೋದು) ಆಗುತ್ತಾ ಅಂತ ಜೆನೆಟಿಕ್ ಕೌನ್ಸೆಲರ್‌ನ ಕೇಳಿ.