ಮೂರು ಹಂತದ ಮದುವೆ ಕೇಕ್‌ಗೆ ಎಂಥ ಸ್ಟ್ಯಾಂಡ್ ತಗೋಬೇಕು?

ಬೆಂಗಳೂರಿನಲ್ಲಿ ತಂಗಿಯ ರಿಸೆಪ್ಷನ್, ಮೂರು ಹಂತದ ಕೇಕ್, ಯಾವ ಸ್ಟ್ಯಾಂಡ್ ಅಂತ ಕೇಳಿದ್ದೀರಿ. ಚೆಂದ ಆಮೇಲೆ, ಮೊದಲು ಅಳತೆ ಮತ್ತು ತೂಕ ನೋಡಿ.

ಅಳೆಯಬೇಕಾದ್ದು ಕೇಕನ್ನಲ್ಲ, ಅದರಡಿಯ ಬೋರ್ಡನ್ನು. ಕೆಳಗಿನ ಕೇಕ್ 12 ಇಂಚಾದರೆ ಬೋರ್ಡ್ ಸಾಮಾನ್ಯವಾಗಿ 14 ಇಂಚು ಇರುತ್ತದೆ. ಸ್ಟ್ಯಾಂಡಿನ ತಟ್ಟೆ ಕಡೇಪಕ್ಷ ಅಷ್ಟಿರಲಿ, 16 ಇದ್ದರೆ ನೆಮ್ಮದಿ. ತೂಕವನ್ನು ಬೇಕರಿಯವರನ್ನೇ ಕೇಳಿ. ಫಾಂಡೆಂಟ್ (ಸಕ್ಕರೆಯಿಂದ ಮಾಡಿದ, ಹಿಟ್ಟಿನಂತೆ ಲಟ್ಟಿಸುವ ಹೊದಿಕೆ) ಹೊದಿಸಿದ ಕೇಕ್ ಜಾಸ್ತಿ ಭಾರ ಇರುತ್ತದೆ.

ನಡುವೆ ಒಂದೇ ತೆಳು ಕಾಲಿರುವ ಎತ್ತರದ ಸ್ಟ್ಯಾಂಡ್ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ನಿಜ. ಮೂರು ಹಂತಕ್ಕೆ ಮಾತ್ರ ನಾನು ಬೇಡ ಅಂತಲೇ ಹೇಳುತ್ತೇನೆ. ಅಗಲ ಬುಡದ, 4-5 ಇಂಚು ಎತ್ತರದ ಗಟ್ಟಿ ಸ್ಟ್ಯಾಂಡ್ ಸಾಕು. ಅಂಗಡಿಯಲ್ಲೇ ತಟ್ಟೆಯ ಒಂದು ಅಂಚನ್ನು ಅಂಗೈಯಿಂದ ಜೋರಾಗಿ ಒತ್ತಿ ನೋಡಿ. ಎದುರಿನ ಅಂಚು ಮೇಲೆದ್ದರೆ ಅಥವಾ ತಟ್ಟೆ ಬಾಗಿದರೆ ವಾಪಸ್ ಇಟ್ಟುಬಿಡಿ.

ಎಷ್ಟೇ ಒಳ್ಳೆ ಸ್ಟ್ಯಾಂಡ್ ಆದರೂ ಮೇಲಿನ ಹಂತ ಕೆಳಗಿನದರೊಳಗೆ ಕುಸಿಯುವುದನ್ನು ತಡೆಯಲ್ಲ. ಅದಕ್ಕೆ ಪ್ರತಿ ಹಂತದಡಿ ಒಂದು ಬೋರ್ಡ್, ಕೆಳಗಿನ ಕೇಕುಗಳೊಳಗೆ ಆಧಾರದ ಕಡ್ಡಿಗಳು ಬೇಕು. ಬೇಕರಿಯವರು ಹಾಕುತ್ತಾರಾ ಅಂತ ಖಚಿತಪಡಿಸಿಕೊಳ್ಳಿ. ನಮ್ಮ ರಸ್ತೆ ಹಂಪ್‌ಗಳು ಗೊತ್ತಲ್ಲ, ಹಂತಗಳನ್ನು ಬೇರೆ ಬೇರೆ ತಂದು ಹಾಲ್‌ನಲ್ಲೇ ಜೋಡಿಸಲು ಹೇಳಿ.

ಹಾಲ್‌ನ ಮಡಚುವ ಮೇಜು ಅಲುಗಾಡುತ್ತದಾ ನೋಡಿ. ಸ್ಯಾಟಿನ್ ಬಟ್ಟೆ ಹಾಸಿದ್ದರೆ ಸ್ಟ್ಯಾಂಡ್ ಜಾರುತ್ತದೆ, ಅದರ ಕೆಳಗೆ ರಬ್ಬರ್ ಮ್ಯಾಟ್ ಹಾಕಿ. ಒಂದೇ ದಿನಕ್ಕೆ ಸುಮ್ನೆ ಕೊಳ್ಳುವುದೇಕೆ, ಬೇಕರಿಯಲ್ಲೇ ಬಾಡಿಗೆಗೆ ಸಿಗುತ್ತದಾ ವಿಚಾರಿಸಿ.